ವಡಪಳನಿಯಿಂದ ಕುಂದಾಪುರಕ್ಕೆ, ಮೂಡಲ ಬಾಗಿಲ ದಾರಿಯಲ್ಲಿ

ಚೆನ್ನೈನಲ್ಲಿರುವ ಕರಾವಳಿ ಕನ್ನಡಿಗರಿಗೆ ಊರಿನ ದಾರಿ ಎಂದರೆ ಮಂಗಳೂರು ಮೇಲ್. ಸೆಂಟ್ರಲ್‌ನಲ್ಲಿ ರಾತ್ರಿ ಹತ್ತಿ ಮಲಗಿದರೆ ಸೇಲಂ, ಈರೋಡು, ಪಾಲಕ್ಕಾಡ್ ಕತ್ತಲಲ್ಲೇ ಕಳೆದುಹೋಗುತ್ತವೆ. ಬೆಳಿಗ್ಗೆ ಕೋಯಿಕ್ಕೋಡ್, ಕಣ್ಣೂರು, ಆಮೇಲೆ ಕಾಸರಗೋಡು. ಮಧ್ಯಾಹ್ನದ ಹೊತ್ತಿಗೆ ಮಂಗಳೂರು. ಈ ಪ್ರಯಾಣದಲ್ಲಿ ಕರ್ನಾಟಕ ಸಿಗುವುದು ಕಟ್ಟಕಡೆಯಲ್ಲಿ, ಚೀಲ ಹುಡುಕಿ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ.

ನಮ್ಮ ಅತ್ತೆ ಮದುವೆಯಾಗಿ ಮದ್ರಾಸಿಗೆ ಬಂದಿದ್ದು 1977ರಲ್ಲಿ, ಇದೇ ದಾರಿಯಲ್ಲಿ. ಬಾಣಂತನ, ಮದುವೆ, ಸಾವು ಎಂದು ಊರಿಗೆ ಹೋಗಿದ್ದೂ ಇದೇ ದಾರಿಯಲ್ಲಿ. ಹೀಗಾಗಿ ಎಪ್ಪತ್ತು ದಾಟಿದ ಈ ಕನ್ನಡತಿ ಕೋಲಾರ ನೋಡಿರಲಿಲ್ಲ, ಹಾಸನ ನೋಡಿರಲಿಲ್ಲ. ಅವರು ಬಲ್ಲ ಕನ್ನಡ ನಾಡು ಎಂದರೆ ಒಂದು ತುದಿಯಲ್ಲಿ ಕುಂದಾಪುರ, ಇನ್ನೊಂದು ತುದಿಯಲ್ಲಿ ವಡಪಳನಿಯ ನಮ್ಮ ಅಡುಗೆಮನೆ.

ಕಳೆದ ಡಿಸೆಂಬರಿನಲ್ಲಿ ಅವರ ಅಕ್ಕ, ನಮಗೆಲ್ಲ ದೊಡ್ಡಮ್ಮ, ಹಾಸಿಗೆ ಹಿಡಿದರು. ಅತ್ತೆಗೆ ಮಂಡಿ ನೋವು, ಸಕ್ಕರೆ ಕಾಯಿಲೆ. ರೈಲಿನ ಮೆಟ್ಟಿಲು ಹತ್ತಲಾರರು, ಓಡುವ ರೈಲಿನ ಶೌಚಾಲಯದಲ್ಲಿ ನಿಲ್ಲಲಾರರು. ವಿಮಾನ ಎಂದರೆ, “ನಾನು ಹೋಗುವುದು ಅಕ್ಕನನ್ನು ನೋಡಲು, ಮೋಡ ನೋಡಲು ಅಲ್ಲ” ಎಂದುಬಿಟ್ಟರು. ಮಗಳಿಗೆ ಅರ್ಧವಾರ್ಷಿಕ ಪರೀಕ್ಷೆ ಮುಗಿದು ರಜೆ ಬಿದ್ದಿತ್ತು. ಕಾರಿನಲ್ಲೇ ಹೋಗುವುದೆಂದಾಯಿತು. ಬಂಗಾಳ ಕೊಲ್ಲಿಯಿಂದ ಅರಬ್ಬಿ ಸಮುದ್ರದವರೆಗೆ, ಸುಮಾರು 780 ಕಿಲೋಮೀಟರ್. ಗಂಡ ಮತ್ತು ನಾನು ಸರದಿಯಲ್ಲಿ ಓಡಿಸುವುದು, ಮಧ್ಯೆ ಬೆಂಗಳೂರಿನ ಕೆ.ಆರ್. ಪುರದ ತಮ್ಮನ ಮನೆಯಲ್ಲಿ ಒಂದು ರಾತ್ರಿ.

ಬೆಂಗಳೂರಿಗೆ ಎಲ್ಲರೂ ಹಿಡಿಯುವ ದಾರಿ ವೆಲ್ಲೂರು, ಕೃಷ್ಣಗಿರಿ, ಹೊಸೂರಿನದು. ರಸ್ತೆ ಅಗಲ, ಊಟ ತಿಂಡಿಗೆ ಬರವಿಲ್ಲ. ನಾವು ಬೇಕೆಂದೇ ಹಳೆಯ ದಾರಿ ಹಿಡಿದೆವು: ರಾಣಿಪೇಟೆಯಲ್ಲಿ ಬಲಕ್ಕೆ ತಿರುಗಿ ಚಿತ್ತೂರು, ಪಲಮನೇರು, ಮುಳಬಾಗಿಲು, ಕೋಲಾರ. ಬೆಂಗಳೂರಿನಲ್ಲಿ ಓಲ್ಡ್ ಮದ್ರಾಸ್ ರೋಡ್ ಎನ್ನುವುದು ಈ ದಾರಿಯ ಆ ಕೊನೆಯನ್ನು. ಈ ಕೊನೆಯಲ್ಲಿ ವಡಪಳನಿಯ ಎದೆಯ ಮೇಲೆಯೇ ಆರ್ಕಾಟ್ ರೋಡ್ ಹಾದುಹೋಗುತ್ತದೆ. ದಿನವೂ ಆ ರಸ್ತೆಯಲ್ಲಿ ತರಕಾರಿ ತರುವ ನಮಗೆ ಅದು ನಿಜವಾಗಿಯೂ ಆರ್ಕಾಟಿಗೆ ಹೋಗುವ ರಸ್ತೆ ಎಂಬುದು ಮರೆತೇ ಹೋಗಿರುತ್ತದೆ. ಮೆಟ್ರೋ ಎರಡನೇ ಹಂತದ ಕಾಮಗಾರಿಗೆ ತಗಡು ಕಟ್ಟಿ ಅದನ್ನು ಓಣಿ ಮಾಡಿದ ಮೇಲಂತೂ ಕೇಳುವುದೇ ಬೇಡ.

ಬೆಳಗಿನ ಐದಕ್ಕೆ ಹೊರಟೆವು. ಪೂನಮಲ್ಲಿ ದಾಟುವವರೆಗೆ ಅತ್ತೆ ಮಾತಾಡಿದ್ದೆಲ್ಲ ಹಳೆಯ ವಡಪಳನಿಯ ಬಗ್ಗೆ. ಮಾವ ಹೋಟೆಲಿನಲ್ಲಿದ್ದಾಗ ಸ್ಟುಡಿಯೋಗಳಿಗೆ ಕಾಫಿ ಕೊಂಡೊಯ್ಯುತ್ತಿದ್ದರಂತೆ. ಎವಿಎಂ, ವಿಜಯಾ ವಾಹಿನಿ ಎಲ್ಲ ಇದೇ ಸುತ್ತಿನಲ್ಲಿ. ಕನ್ನಡ ಚಿತ್ರಗಳು ಇಲ್ಲಿ ತಯಾರಾಗುತ್ತಿದ್ದ ಕಾಲ ಅದು. ಶಿವರಾಜ್‌ಕುಮಾರ್, ಪುನೀತ್ ಇಬ್ಬರೂ ಹುಟ್ಟಿದ್ದು ಮದ್ರಾಸಿನಲ್ಲೇ. ಉದ್ಯಮ ಬೆಂಗಳೂರಿಗೆ ಹೋಯಿತು, ಕಾಫಿ ಕೊಟ್ಟವರು ಇಲ್ಲೇ ಉಳಿದರು.

ಶ್ರೀಪೆರಂಬುದೂರಿಗೆ ಬೆಳಕು ಹರಿಯಿತು. ರಾಮಾನುಜಾಚಾರ್ಯರು ಹುಟ್ಟಿದ ಊರು. ಅವರು ಇಲ್ಲಿಂದ ಹೊಯ್ಸಳರ ನಾಡಿಗೆ, ಮೇಲುಕೋಟೆಗೆ ಬಂದವರು ಎಂದಾಗ ಮಗಳು ಕೇಳಿದ್ದು, “ಟೋಲ್ ಎಷ್ಟಾಯಿತಂತೆ?”

ಟೋಲ್ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಊರಿಗೆ ಕಾರಿನಲ್ಲಿ ಹೋಗುವವರು ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ನೋಡಬಹುದು. 2025ರ ಆಗಸ್ಟ್ 15ರಿಂದ ಜಾರಿಗೆ ಬಂದಿದೆ, ಖಾಸಗಿ ಕಾರು, ಜೀಪು, ವ್ಯಾನುಗಳಿಗೆ ಮಾತ್ರ. ಜಾರಿಗೆ ಬಂದಾಗ, 2025ರಲ್ಲಿ, ದರ 3000 ರೂಪಾಯಿ ಇತ್ತು. ಕಟ್ಟಿದರೆ ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ನಡೆಯುತ್ತದೆ, ರಾಜ್ಯ ಸರ್ಕಾರದ ರಸ್ತೆಗಳಲ್ಲಿ ನಡೆಯುವುದಿಲ್ಲ.

ವಯಸ್ಸಾದವರನ್ನು ಕರೆದೊಯ್ಯುವವರಿಗೆ ಟೋಲ್‌ಗಿಂತ ದೊಡ್ಡ ಲೆಕ್ಕ ಶೌಚಾಲಯದ್ದು. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ಬೀಗ ಹಾಕಿತ್ತು, ಕೀಲಿ ಇದ್ದವನು ಊಟಕ್ಕೆ ಹೋಗಿದ್ದ. ನೀರು ಕುಡಿದರೆ ಹೀಗಾಗುತ್ತದೆ ಎಂದು ಅತ್ತೆ ಆಮೇಲೆ ನೀರನ್ನೇ ಬಿಟ್ಟರು. ನಮ್ಮ ತಾಯಂದಿರು, ಅತ್ತೆಯರು ಎಲ್ಲರೂ ಮಾಡುವ ಕೆಲಸವೇ ಇದು. ಸಕ್ಕರೆ ಕಾಯಿಲೆಯವರಿಗೆ ಇದು ಒಳ್ಳೆಯದಲ್ಲ. ಆದ್ದರಿಂದ ಅಂದಿನಿಂದ ನಮ್ಮದು ಒಂದೇ ನಿಯಮ: ದೊಡ್ಡ ಹೋಟೆಲ್ ಕಂಡಲ್ಲೆಲ್ಲ ನಿಲ್ಲುವುದು, ಹಸಿವಿರಲಿ ಬಿಡಲಿ. ಒಂದೂವರೆ ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆದರೆ ಕಾಲು ಬಾವು ಬರುವುದೂ ಕಡಿಮೆ, ರಕ್ತ ಹೆಪ್ಪುಗಟ್ಟುವ ಭಯವೂ ಕಡಿಮೆ. ಇನ್ಸುಲಿನ್ ಇದ್ದರೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಜೊತೆಗೇ ಒಯ್ಯಿರಿ. ಐಸ್ ಪ್ಯಾಕ್ ಇಟ್ಟರೆ ಬಾಟಲಿಗೆ ನೇರ ತಾಗದಂತೆ ಬಟ್ಟೆ ಸುತ್ತಿ.

ಈ ದಾರಿಯ ಸೊಗಸು ಶುರುವಾಗುವುದು ರಾಣಿಪೇಟೆಯ ನಂತರ. ಅದಕ್ಕೆ ಮುಂಚೆ ನಮ್ಮ ಮನೆಯ ಅಕ್ಷರಗಳ ಕಥೆ ಸ್ವಲ್ಪ ಹೇಳಬೇಕು. ಮಗಳು ನಾಲ್ಕನೇ ತರಗತಿ. ತಮಿಳುನಾಡಿನಲ್ಲಿ 2006ರ ಕಾಯ್ದೆಯ ಪ್ರಕಾರ ಶಾಲೆಯಲ್ಲಿ ತಮಿಳು ಕಡ್ಡಾಯ. ಅದರ ಬಗ್ಗೆ ನನಗೆ ತಕರಾರಿಲ್ಲ. ಇಲ್ಲಿ ಬದುಕುವ ಮಗು ಇಲ್ಲಿನ ಭಾಷೆ ಓದಲೇಬೇಕು. ಆದರೆ ತಮಿಳು, ಇಂಗ್ಲಿಷ್, ಹಿಂದಿ ಮುಗಿಯುವ ಹೊತ್ತಿಗೆ ಮಗುವಿಗೆ ನಿದ್ದೆ ಬಂದಿರುತ್ತದೆ. ಕನ್ನಡ ಮಾತಿನಲ್ಲಿದೆ, ಕಣ್ಣಿಗೆ ಬಂದಿಲ್ಲ. ಅತ್ತೆಯದು ತಿರುಗುಮುರುಗು. ಮಾರ್ಕೆಟ್ ತಮಿಳು ನೀರು ಕುಡಿದಷ್ಟು ಸಲೀಸು, ಓದಲು ಮಾತ್ರ ಬಾರದು. ಇಷ್ಟು ವರ್ಷವೂ ನಂಬರು ನೋಡಿಯೇ ಬಸ್ಸು ಹತ್ತಿದವರು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದು ಹೇಳಿಕೊಂಡವರು ತಮಿಳುನಾಡಿನಲ್ಲಿ 12 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಅಜ್ಜಿಯ ಅಕ್ಷರ ಒಂದು, ಮೊಮ್ಮಗಳ ಅಕ್ಷರ ಇನ್ನೊಂದು ಆಗಿದೆಯೋ.

ಹಾಗಾಗಿ ರಾಣಿಪೇಟೆಯವರೆಗೆ ಬೋರ್ಡುಗಳನ್ನೆಲ್ಲ ಓದಿ ಅಜ್ಜಿಗೆ ಹೇಳುತ್ತಿದ್ದವಳು ಮಗಳು. ಬಲಕ್ಕೆ ತಿರುಗಿ ಸ್ವಲ್ಪ ಹೊತ್ತಿಗೆ ಗುಂಡಗಿನ ಅಕ್ಷರ ಕಂಡು “ಕನ್ನಡ ಬಂತು!” ಎಂದು ಕೂಗಿದಳು. ಬಂದಿದ್ದು ಆಂಧ್ರ. ಅತ್ತೆ ಕನ್ನಡಕ ಏರಿಸಿ ನೋಡಿದರು. ಮೊದಲು ತಡವರಿಸಿದರು, ಆಮೇಲೆ ಒಂದೊಂದೇ ಓದತೊಡಗಿದರು. ರ, ಗ, ಮ, ನ, ಲ ಎಲ್ಲ ನಮ್ಮವೇ, ತಲೆಕಟ್ಟು ಬೇರೆ. ಕ, ತ, ಚ ಮಾತ್ರ ಬೇರೆ ವೇಷದಲ್ಲಿವೆ. ತೆಲುಗು ಒಂದು ಮಾತೂ ಬಾರದ ಅತ್ತೆ ಚಿತ್ತೂರು ಪೇಟೆಯ ಅಂಗಡಿ ಬೋರ್ಡುಗಳನ್ನು ಅರ್ಥ ಗೊತ್ತಿಲ್ಲದೆಯೇ ಗಟ್ಟಿಯಾಗಿ ಓದಿದರು. ಆವರೆಗೆ ಹಿಂದಿನ ಸೀಟಿನಲ್ಲಿ ಮಗಳದೇ ಮೇಲುಗೈ, ಚಿತ್ತೂರಿನಿಂದ ಅಜ್ಜಿಯದು. ಮಗಳಿಗೆ ಸಹಿಸಲಾಗಲಿಲ್ಲ. “ಅಜ್ಜಿ, ನಂಗೂ ಹೇಳಿಕೊಡಿ” ಎಂದಳು.

ಬಂಗಾರುಪಾಳ್ಯಂ ದಾಟಿದರೆ ಮಾವಿನ ತೋಪುಗಳು, ಆಮೇಲೆ ಮೊಗಿಲಿ ಘಾಟಿ. ತಿರುವುಗಳಲ್ಲಿ ಲಾರಿಗಳು ಭಾರ ಎಳೆಯುತ್ತಿರುತ್ತವೆ, ಅವಸರ ಬೇಡ. ಹತ್ತಿ ಪಲಮನೇರು ತಲುಪುವಾಗ ಗಾಳಿಯೇ ಬದಲಾಗಿರುತ್ತದೆ. ಕಾರಿನ ಎಸಿ ಆರಿಸಿ ಕಿಟಕಿ ಇಳಿಸಿದೆವು. ದಖ್ಖನ್ ಪ್ರಸ್ಥಭೂಮಿ ಎಂದು ಪುಸ್ತಕದಲ್ಲಿ ಓದಿದ್ದನ್ನು ಮೈಯಲ್ಲಿ ತಿಳಿಯುವುದು ಹೀಗೆ. ಅಲ್ಲಿಂದ ಮುಂದೆ ನಂಗಲಿ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಪೂರ್ವದ ಎಲ್ಲೆ ಎಂದು ಹೇಳುವುದು ಇದೇ ನಂಗಲಿಯನ್ನು. ಈಗಲೂ ಕರ್ನಾಟಕದ ಎಲ್ಲೆ ಇಲ್ಲೇ ಇದೆ. ಮುಳಬಾಗಿಲು ಎಂಬ ಹೆಸರೇ ಮೂಡಲ ಬಾಗಿಲು, ಪೂರ್ವದ ಬಾಗಿಲು.

ಬಾಗಿಲಲ್ಲಿ ಕಾಲಿಟ್ಟ ಅತ್ತೆ ಹೋಟೆಲಿನಲ್ಲಿ ಸಂಭ್ರಮದಿಂದ ಕನ್ನಡದಲ್ಲಿ ದೋಸೆ ಹೇಳಿದರು. ಮಾಣಿ ಒಳಗಿನವರಿಗೆ ತೆಲುಗಿನಲ್ಲಿ ಕೂಗಿದ. ಪಕ್ಕದ ಮೇಜಿನಲ್ಲೂ ತೆಲುಗು. ಅತ್ತೆ ನನ್ನ ಕಿವಿಯಲ್ಲಿ, “ನಾವು ಇನ್ನೂ ಆಂಧ್ರದಲ್ಲೇ ಇದ್ದೇವಾ?” ಎಂದರು. ಕೋಲಾರದ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಎರಡೂ ಒಂದೇ ಉಸಿರಿನಲ್ಲಿ ಬರುತ್ತದೆ. ಡಿ.ವಿ.ಜಿ. ಹುಟ್ಟಿದ ಊರು ಇದು ಎಂದು ಹೇಳಿದ ಮೇಲೆ ಅವರಿಗೆ ಸಮಾಧಾನ. ದಪ್ಪಗೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಕೆಂಪು ಖಾರ ಸವರಿ ತುಪ್ಪ ಸುರಿದ ಮುಳಬಾಗಿಲು ದೋಸೆ ಬಂದಾಗ ಸಮಾಧಾನ ಪೂರ್ಣವಾಯಿತು. ಸಕ್ಕರೆಯ ನೆಪ ಹೇಳಿ ಅರ್ಧಕ್ಕೆ ನಿಲ್ಲಿಸಲು ನಾನು ಹೋಗಲಿಲ್ಲ.

ಕೋಲಾರದಿಂದ ಬೆಂಗಳೂರಿನವರೆಗಿನ ದಾರಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಟ್ರಾಫಿಕ್ ಬಿಟ್ಟು.

ಎರಡನೇ ದಿನ ನಸುಕಿಗೇ ಬೆಂಗಳೂರು ದಾಟಿ ನೆಲಮಂಗಲದಲ್ಲಿ ಎಡಕ್ಕೆ, ಮಂಗಳೂರು ಹೆದ್ದಾರಿ. ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ. ಬೋರ್ಡುಗಳೆಲ್ಲ ಈಗ ಕನ್ನಡ. ಕಿಟಕಿಯ ಮಂಜಿನ ಮೇಲೆ ಅಜ್ಜಿ ಬೆರಳಲ್ಲಿ ಬರೆಯುವುದು, ಮಗಳು ಹೊರಗೆ ಅದನ್ನು ಹುಡುಕುವುದು. ತಮಿಳಿನಲ್ಲಿ ಕ ಬರೆದರೆ ಗ ಎಂದೂ ಓದಬಹುದು. ಕನ್ನಡದಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಬೇರೆ ಬೇರೆ ಅಕ್ಷರ ಏಕೆ ಎಂಬುದು ಹಾಸನದವರೆಗೂ ಚರ್ಚೆಯಾಯಿತು. ಒತ್ತಕ್ಷರ ಬಂದಾಗ ಮಗಳು ಸೋತಳು. ಕೆಳಗೆ ಅಂಟಿಕೊಂಡ ಮರಿ ಅಕ್ಷರವನ್ನು ಯಾವಾಗ ಓದಬೇಕು ಎಂಬುದು ಅವಳಿಗೆ ಈಗಲೂ ಒಗಟು.

ಸಕಲೇಶಪುರದ ನಂತರ ಶಿರಾಡಿ ಘಾಟಿ. 2015 ಮತ್ತು 2018ರಲ್ಲಿ ಎರಡು ಹಂತದಲ್ಲಿ ಕಾಂಕ್ರೀಟ್ ಹಾಕಿದ ಮೇಲೆ ರಸ್ತೆ ಸುಧಾರಿಸಿದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಹೊರಡುವ ದಿನ ವಿಚಾರಿಸಿಕೊಂಡೇ ಹೊರಡಿ. ಇಳಿಯುತ್ತಾ ಅತ್ತೆ ಮಾತು ನಿಲ್ಲಿಸಿದರು. ಗುಂಡ್ಯ ದಾಟಿ ಅಡಿಕೆ ತೋಟಗಳು ಶುರುವಾದಾಗ ಅಕ್ಕನ ಮನೆಗೆ ಫೋನ್ ಮಾಡಿಸಿದರು. ನಿದ್ದೆಯಲ್ಲಿದ್ದಾರೆ ಎಂದರು. ಮಂಗಳೂರಿನಲ್ಲಿ ಮತ್ತೆ ಮಾಡಿಸಿದರು, ಉಡುಪಿಯಲ್ಲಿ ಇನ್ನೊಮ್ಮೆ.

ಕುಂದಾಪುರ ಮುಟ್ಟುವಾಗ ಕತ್ತಲಾಗಿತ್ತು. ದೊಡ್ಡಮ್ಮ ಮಂಚದಿಂದಲೇ ಕೈ ಚಾಚಿ “ಬಂದ್ಯಾ ಹೆಣೆ” ಎಂದರು. ಅಷ್ಟೇ. ಇಬ್ಬರೂ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. ನಾನು ಚೀಲ ಇಳಿಸುವ ನೆಪದಲ್ಲಿ ಹೊರಗೆ ಬಂದೆ.

ದೊಡ್ಡಮ್ಮನಿಗೆ ಕಣ್ಣು ಮಸುಕು. ಪೇಪರು ಮಾತ್ರ ದಿನವೂ ಬೇಕು. ಮರುದಿನ ಬೆಳಿಗ್ಗೆ ಮಗಳು ತಲೆಬರಹಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಒತ್ತು ಬಂದಲ್ಲಿ ನಿಂತರೆ ದೊಡ್ಡಮ್ಮ ಮಂಚದಿಂದಲೇ ಪದ ಪೂರ್ತಿ ಮಾಡುತ್ತಿದ್ದರು. ಅರ್ಧ ಸಲ ಅವರು ಹೇಳಿದ ಪದ ಪೇಪರಿನಲ್ಲಿ ಇರುತ್ತಲೇ ಇರಲಿಲ್ಲ. ಒಂದು ಪುಟ ಮುಗಿಯಲು ಒಂದು ಗಂಟೆ ಹಿಡಿಯಿತು, ಯಾರಿಗೂ ಅವಸರವಿರಲಿಲ್ಲ.

ನಾಲ್ಕನೇ ದಿನ ಹೊರಡುವ ಹೊತ್ತಿಗೆ ಅತ್ತೆಯ ಚೀಲ ಕಟ್ಟಿರಲಿಲ್ಲ. “ನೀವು ಹೋಗಿ. ಇವಳು ಇರುವಷ್ಟು ದಿನ ನಾನು ಇಲ್ಲೇ ಇರುತ್ತೇನೆ” ಎಂದರು. ಗಂಡ ಔಷಧ, ಡಾಕ್ಟರು ಎಂದೆಲ್ಲ ಹೇಳಿ ನೋಡಿದ. ಕೊನೆಗೆ ಔಷಧದ ಚೀಟಿಯನ್ನು ಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟು ಬಂದೆವು. ಅತ್ತೆ ಕೂರುತ್ತಿದ್ದ ಜಾಗದಲ್ಲಿ ಹದಿನೈದು ತೆಂಗಿನಕಾಯಿ, ಒಂದು ಗೊನೆ ಬಾಳೆ ಬಂದವು.

ಈಗ ದಿನವೂ ಸಂಜೆ ಏಳಕ್ಕೆ ಕುಂದಾಪುರದಿಂದ ಫೋನ್ ಬರುತ್ತದೆ. ಅಜ್ಜಿ ನಾಲ್ಕು ಪದ ಹೇಳುತ್ತಾರೆ, ಮಗಳು ಬರೆದು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಾಳೆ, ಪಕ್ಕದ ಮನೆಯ ಹುಡುಗ ಅದನ್ನು ದೊಡ್ಡದು ಮಾಡಿ ತೋರಿಸುತ್ತಾನೆ. ನಿನ್ನೆಯ ಪದಗಳು ಅಕ್ಕ, ತೊಟ್ಟಿಲು, ಹಪ್ಪಳ, ನಂಗಲಿ. ಮೂರರಲ್ಲಿ ಒತ್ತು ತಪ್ಪಿತ್ತು.