ಹೃದಯ ಕವಾಟ ರೋಗಗಳಲ್ಲಿ ಎಕೋಕಾರ್ಡಿಯೋಗ್ರಫಿ

ಎಕೋಕಾರ್ಡಿಯೋಗ್ರಫಿ ಎಂಬುದು ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವರ್ತನವುಳ್ಳ ಶ್ರವಣಾತೀತ ಧ್ವನಿ ತರಂಗಗಳ ನೆರವಿನಿಂದ, ಮಿಡಿಯುತ್ತಿರುವ ಹೃದಯದ ಚಿತ್ರವನ್ನು ಪಡೆಯುವ ಪರೀಕ್ಷಾ ವಿಧಾನ. ಆಡುಮಾತಿನಲ್ಲಿ ಇದನ್ನು 'ಎಕೋ' ಎನ್ನುತ್ತಾರೆ. ಹೃದಯದ ಕವಾಟಗಳಿಗೆ ತಗಲುವ ರೋಗಗಳನ್ನು ಗುರುತಿಸಲು, ಅವುಗಳ ತೀವ್ರತೆಯನ್ನು ಅಳೆಯಲು ಮತ್ತು ಶಸ್ತ್ರಚಿಕಿತ್ಸೆಗೆ ತಕ್ಕ ಕಾಲವನ್ನು ನಿರ್ಧರಿಸಲು ಇಂದು ಇದೇ ಮುಖ್ಯ ಸಾಧನವಾಗಿದೆ. ಇದರಲ್ಲಿ ಕ್ಷ-ಕಿರಣಗಳ ಬಳಕೆಯಿಲ್ಲ. ಆದ್ದರಿಂದ ಗರ್ಭಿಣಿಯರಿಗೂ ಮಕ್ಕಳಿಗೂ ಇದನ್ನು ನಿರ್ಭಯವಾಗಿ ಮಾಡಬಹುದು.

ಕವಾಟಗಳು ಮತ್ತು ಅವುಗಳ ದೋಷಗಳು

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಗಳ ನಡುವೆ ಮೈಟ್ರಲ್ ಕವಾಟ, ಬಲಭಾಗದಲ್ಲಿ ತ್ರಿದಳ ಕವಾಟ, ಮಹಾಪಧಮನಿಯ ಬುಡದಲ್ಲಿ ಮಹಾಪಧಮನಿ ಕವಾಟ ಹಾಗೂ ಶ್ವಾಸಕೋಶದ ಅಪಧಮನಿಯ ಬುಡದಲ್ಲಿ ಪುಪ್ಫುಸ ಕವಾಟ. ರಕ್ತವು ಒಂದೇ ದಿಕ್ಕಿನಲ್ಲಿ ಹರಿಯುವಂತೆ ನೋಡಿಕೊಳ್ಳುವುದು ಇವುಗಳ ಕೆಲಸ.

ಕವಾಟಕ್ಕೆ ಒದಗುವ ದೋಷಗಳು ಮುಖ್ಯವಾಗಿ ಎರಡು. ದಳಗಳು ದಪ್ಪವಾಗಿ ಅಥವಾ ಒಂದಕ್ಕೊಂದು ಅಂಟಿಕೊಂಡು ದ್ವಾರವು ಪೂರ್ಣವಾಗಿ ತೆರೆಯದಿದ್ದರೆ ಅದು ಕಿರಿದಾಗುವಿಕೆ ಅಥವಾ ಸ್ಟೆನೋಸಿಸ್. ದಳಗಳು ಸರಿಯಾಗಿ ಮುಚ್ಚದೆ ರಕ್ತವು ಹಿಂದಕ್ಕೆ ಹರಿದರೆ ಅದು ಸೋರುವಿಕೆ. ಒಂದೇ ಕವಾಟದಲ್ಲಿ ಎರಡೂ ದೋಷಗಳು ಒಟ್ಟಿಗೆ ಇರುವುದುಂಟು.

ಇತಿಹಾಸ

ಈ ವಿಧಾನವು ಹುಟ್ಟಿದ್ದೇ ಕವಾಟ ರೋಗದ ಸಮಸ್ಯೆಯಿಂದ. 1950ರ ದಶಕದ ಆರಂಭದಲ್ಲಿ ಮೈಟ್ರಲ್ ಕವಾಟದ ಶಸ್ತ್ರಚಿಕಿತ್ಸೆ ಆಗತಾನೆ ಬಳಕೆಗೆ ಬರುತ್ತಿತ್ತು. ಕಿರಿದಾದ ಕವಾಟವನ್ನು ಬಿಡಿಸಿದರೆ ರೋಗಿಗೆ ಲಾಭ. ಅದೇ ಕವಾಟ ಸೋರುತ್ತಲೂ ಇದ್ದರೆ ಅಪಾಯ. ಸ್ವೀಡನ್ನಿನ ಲುಂಡ್ ನಗರದ ಹೃದ್ರೋಗ ತಜ್ಞ ಇಂಗೆ ಎಡ್ಲರ್ ಅವರು ಎದೆಯನ್ನು ತೆರೆಯದೆ ಇವೆರಡನ್ನೂ ಬೇರ್ಪಡಿಸಿ ತಿಳಿಯುವ ದಾರಿಯನ್ನು ಹುಡುಕುತ್ತಿದ್ದರು. ಭೌತವಿಜ್ಞಾನಿ ಕಾರ್ಲ್ ಹೆಲ್ಮುತ್ ಹರ್ಟ್ಜ್ ಅವರಿಗೆ ಜೊತೆಯಾದರು. ಮಾಲ್ಮೋ ನಗರದ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಲೋಹದೊಳಗಿನ ಬಿರುಕುಗಳನ್ನು ಪತ್ತೆಹಚ್ಚಲು ಬಳಸುತ್ತಿದ್ದ ಯಂತ್ರವನ್ನು ಹರ್ಟ್ಜ್ ಪರೀಕ್ಷಿಸಿ ನೋಡಿದರು. ಅನಂತರ ಸೀಮೆನ್ಸ್ ಸಂಸ್ಥೆಯಿಂದ ಅಂಥದ್ದೊಂದು ಯಂತ್ರವನ್ನು ಎರವಲು ಪಡೆದು, 1953ರ ಅಕ್ಟೋಬರ್ 29ರಂದು ಹೃದಯದ ಚಲನೆಯ ಪ್ರತಿಧ್ವನಿಯನ್ನು ಮೊದಲ ಬಾರಿಗೆ ದಾಖಲಿಸಲಾಯಿತು. ತೆರೆಯ ಮೇಲೆ ಕಂಡ ಒಂದು ಅಲೆಯನ್ನು ಆರಂಭದಲ್ಲಿ ಹೃತ್ಕರ್ಣದ ಗೋಡೆಯದೆಂದು ಭಾವಿಸಲಾಗಿತ್ತು. ಅದು ಮೈಟ್ರಲ್ ಕವಾಟದ ಮುಂದಳದ ಚಲನೆಯೆಂಬುದು ಮುಂದೆ ತಿಳಿದುಬಂತು. 1977ರಲ್ಲಿ ಇವರಿಬ್ಬರಿಗೂ ಲಾಸ್ಕರ್ ಪ್ರಶಸ್ತಿ ದೊರೆಯಿತು.

1970ರ ದಶಕದಲ್ಲಿ ಎರಡು ಆಯಾಮಗಳ ಚಲಿಸುವ ಚಿತ್ರಗಳು ಬಳಕೆಗೆ ಬಂದವು. ಅದೇ ದಶಕದ ಉತ್ತರಾರ್ಧದಲ್ಲಿ ನಾರ್ವೆಯ ಲಿವ್ ಹಾಟ್ಲೆ ಮತ್ತು ಅವರ ಸಂಗಡಿಗರು, ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸವನ್ನು ಡಾಪ್ಲರ್ ವಿಧಾನದಿಂದ ಅಳೆಯಬಹುದೆಂದು ತೋರಿಸಿಕೊಟ್ಟರು. ಅದುವರೆಗೆ ಈ ಅಳತೆಗಾಗಿ ರಕ್ತನಾಳದ ಮೂಲಕ ಹೃದಯಕ್ಕೆ ಕೊಳವೆಯನ್ನು ತೂರಿಸಬೇಕಾಗಿತ್ತು.

ಕಾರ್ಯತತ್ತ್ವ

ಎದೆಯ ಮೇಲೆ ಜೆಲ್ ಸವರಿ ಇರಿಸುವ ಶೋಧಕವು ಧ್ವನಿ ತರಂಗಗಳನ್ನು ಕಳುಹಿಸಿ, ಅಂಗಾಂಶಗಳಿಗೆ ತಗಲಿ ಮರಳುವ ಪ್ರತಿಧ್ವನಿಗಳನ್ನು ಗ್ರಹಿಸುತ್ತದೆ. ದೇಹದ ಮೃದು ಅಂಗಾಂಶಗಳಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಆದ್ದರಿಂದ ಪ್ರತಿಧ್ವನಿ ಮರಳಲು ತೆಗೆದುಕೊಂಡ ಕಾಲದಿಂದ ಆಳವನ್ನು ಲೆಕ್ಕಹಾಕಬಹುದು.

ರಕ್ತದ ವೇಗವನ್ನು ಅರಿಯಲು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ಪರಿಣಾಮವನ್ನು ಬಳಸಲಾಗುತ್ತದೆ. ಶೋಧಕದ ಕಡೆಗೆ ಬರುವ ರಕ್ತಕಣಗಳಿಂದ ಮರಳಿದ ಧ್ವನಿಯ ಆವರ್ತನ ಏರುತ್ತದೆ, ದೂರ ಸರಿಯುವವುಗಳಿಂದ ಮರಳಿದ್ದು ಇಳಿಯುತ್ತದೆ. ಬಣ್ಣದ ಡಾಪ್ಲರಿನಲ್ಲಿ ಶೋಧಕದತ್ತ ಬರುವ ರಕ್ತವನ್ನು ಸಾಮಾನ್ಯವಾಗಿ ಕೆಂಪಾಗಿಯೂ ದೂರ ಹೋಗುವುದನ್ನು ನೀಲಿಯಾಗಿಯೂ ತೋರಿಸುತ್ತಾರೆ.

ತೀವ್ರತೆಯ ಮಾಪನ

ತೋಟಕ್ಕೆ ನೀರು ಬಿಡುವ ಕೊಳವೆಯ ಬಾಯನ್ನು ಬೆರಳಿನಿಂದ ಒತ್ತಿದರೆ ನೀರು ರಭಸವಾಗಿ ಚಿಮ್ಮುತ್ತದೆ. ಕಿರಿದಾದ ಕವಾಟದಲ್ಲೂ ರಕ್ತವು ಹಾಗೆಯೇ ರಭಸದಿಂದ ನುಗ್ಗುತ್ತದೆ. ಬರ್ನೌಲಿ ಸೂತ್ರದ ಸರಳ ರೂಪದಂತೆ, ಸೆಕೆಂಡಿಗೆ ಇಷ್ಟು ಮೀಟರ್ ಎಂದು ಅಳೆದ ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸವು ಪಾದರಸದ ಮಿಲಿಮೀಟರುಗಳಲ್ಲಿ ದೊರೆಯುತ್ತದೆ. ವೇಗ 2 ಮೀಟರ್ ಇದ್ದರೆ ವ್ಯತ್ಯಾಸ 16. ವೇಗ 4 ಮೀಟರಿಗೆ ಏರಿದರೆ ವ್ಯತ್ಯಾಸ 64.

ಮಹಾಪಧಮನಿ ಕವಾಟದಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 4 ಮೀಟರ್ ಅಥವಾ ಹೆಚ್ಚು, ಇಲ್ಲವೇ ಸರಾಸರಿ ಒತ್ತಡ ವ್ಯತ್ಯಾಸ 40 ಅಥವಾ ಹೆಚ್ಚು ಇದ್ದರೆ ಕಿರಿದಾಗುವಿಕೆ ತೀವ್ರವೆಂದು ಪರಿಗಣಿಸುತ್ತಾರೆ. ಆಗ ದ್ವಾರದ ವಿಸ್ತೀರ್ಣ ಸಾಮಾನ್ಯವಾಗಿ 1 ಚದರ ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂಟಿಮೀಟರ್ ಇರುವ ಮೈಟ್ರಲ್ ದ್ವಾರವು 1.5 ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಕಿರಿದಾಗುವಿಕೆ.

ಸೋರುವಿಕೆಯನ್ನು ಅಳೆಯುವುದು ಇದಕ್ಕಿಂತ ಕಠಿಣ. ಬಣ್ಣದ ಚಿಲುಮೆಯ ಗಾತ್ರವೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಚಿಲುಮೆಯ ಅತಿ ಕಿರಿದಾದ ಭಾಗದ ಅಗಲ, ಪ್ರತಿ ಬಡಿತದಲ್ಲಿ ಹಿಂದಕ್ಕೆ ಹೋಗುವ ರಕ್ತದ ಪ್ರಮಾಣ, ಹೃದಯದ ಕೋಣೆಗಳು ಹಿಗ್ಗಿರುವ ಬಗೆ ಇವೆಲ್ಲವನ್ನೂ ಒಟ್ಟಿಗೆ ತೂಗಿ ನೋಡಬೇಕು. ಮೈಟ್ರಲ್ ಸೋರುವಿಕೆ ತೀವ್ರವಾಗಿದ್ದರೂ ರೋಗಿಗೆ ಬಹುಕಾಲ ಏನೂ ಅನ್ನಿಸದಿರಬಹುದು. ಅಷ್ಟರಲ್ಲಿ ಹೃದಯದ ಸ್ನಾಯು ಸೋಲತೊಡಗಿರುತ್ತದೆ. ಆದ್ದರಿಂದಲೇ ತೊಂದರೆ ಕಾಣಿಸದಿದ್ದರೂ ನಿಯತವಾಗಿ ಎಕೋ ಮಾಡಿಸುವಂತೆ ವೈದ್ಯರು ಸೂಚಿಸುತ್ತಾರೆ.

ಅನ್ನನಾಳದ ಮೂಲಕ ಪರೀಕ್ಷೆ

ಎದೆಯ ಗೋಡೆ ಮತ್ತು ಶ್ವಾಸಕೋಶಗಳು ಅಡ್ಡ ಬಂದು ಚಿತ್ರ ಮಸುಕಾದಾಗ, ತೆಳುವಾದ ಶೋಧಕವನ್ನು ಬಾಯಿಯಿಂದ ಅನ್ನನಾಳಕ್ಕೆ ಇಳಿಸುತ್ತಾರೆ. ಅನ್ನನಾಳವು ಎಡ ಹೃತ್ಕರ್ಣದ ಬೆನ್ನಿಗೇ ಇರುವುದರಿಂದ ಮೈಟ್ರಲ್ ಕವಾಟ, ಕೃತಕ ಕವಾಟಗಳು, ಸೋಂಕಿನ ಗಂಟುಗಳು ಹಾಗೂ ಹೃತ್ಕರ್ಣದೊಳಗಿನ ರಕ್ತದ ಹೆಪ್ಪು ಸ್ಪಷ್ಟವಾಗಿ ಕಾಣುತ್ತವೆ. ಇದಕ್ಕೆ ಕೆಲವು ಗಂಟೆಗಳ ಉಪವಾಸ ಅಗತ್ಯ.

ಭಾರತದಲ್ಲಿ ಮಹತ್ವ

ಭಾರತದಲ್ಲಿ ಮೈಟ್ರಲ್ ಕವಾಟ ಕಿರಿದಾಗಲು ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವಿನ ನಂತರ ಈ ಜ್ವರ ಕಾಣಿಸಿಕೊಂಡು, ಕವಾಟಕ್ಕಾದ ಗಾಯವು ವರ್ಷಗಳ ಮೇಲೆ ಬೆಳಕಿಗೆ ಬರುತ್ತದೆ. ಅನೇಕ ಮಹಿಳೆಯರಲ್ಲಿ ಗರ್ಭ ಧರಿಸಿ ರಕ್ತದ ಪ್ರಮಾಣ ಹೆಚ್ಚಿದಾಗ ಏದುಸಿರು ಮೊದಲ ಬಾರಿಗೆ ಕಾಣಿಸುತ್ತದೆ. ಅದನ್ನು ಬಸಿರಿನ ಸಹಜ ಆಯಾಸವೆಂದು ಕಡೆಗಣಿಸಿದರೆ ತಾಯಿಯ ಜೀವಕ್ಕೇ ಅಪಾಯ. ಸ್ಟೆತೊಸ್ಕೋಪಿಗೆ ಕೇಳಿಸದ ಆರಂಭದ ದೋಷಗಳನ್ನೂ ಎಕೋ ತೋರಿಸಬಲ್ಲುದು. ಮಕ್ಕಳಲ್ಲಿ ಇವುಗಳನ್ನು ಗುರುತಿಸಲು ವಿಶ್ವ ಹೃದಯ ಒಕ್ಕೂಟವು 2012ರಲ್ಲಿ ಮಾನದಂಡಗಳನ್ನು ಪ್ರಕಟಿಸಿತು.

ಕಿರಿದಾದ ಮೈಟ್ರಲ್ ಕವಾಟವನ್ನು ಬಲೂನಿನಿಂದ ಹಿಗ್ಗಿಸಬಹುದೇ ಎಂಬುದನ್ನೂ ಎಕೋ ನಿರ್ಧರಿಸುತ್ತದೆ. ದಳಗಳ ಚಲನೆ, ದಪ್ಪ, ಸುಣ್ಣಗಟ್ಟಿರುವಿಕೆ ಮತ್ತು ಕೆಳಗಿನ ತಂತುಗಳ ಸ್ಥಿತಿ ಇವುಗಳಿಗೆ ತಲಾ 1ರಿಂದ 4 ಅಂಕ ನೀಡಲಾಗುತ್ತದೆ. ಮೊತ್ತ 8ನ್ನು ಮೀರದಿದ್ದರೆ ಬಲೂನ್ ಚಿಕಿತ್ಸೆ ಫಲಕಾರಿಯಾಗುವ ಸಂಭವ ಹೆಚ್ಚು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ಲಭ್ಯವಿದೆ.

ಇತಿಮಿತಿಗಳು

ಪರೀಕ್ಷೆಯ ಫಲಿತಾಂಶವು ಪರೀಕ್ಷಕರ ಕೌಶಲವನ್ನು ಅವಲಂಬಿಸಿದೆ. ಧ್ವನಿಕಿರಣವು ರಕ್ತದ ಹರಿವಿನ ನೇರಕ್ಕೆ ಇಲ್ಲದಿದ್ದರೆ ವೇಗ ಕಡಿಮೆಯಾಗಿ ಕಾಣುತ್ತದೆ. ಕೋನವು 60 ಡಿಗ್ರಿ ಆದಲ್ಲಿ ನಿಜವಾದ ವೇಗದ ಅರ್ಧ ಮಾತ್ರ ದಾಖಲಾಗುತ್ತದೆ. ಹೃದಯದ ಸ್ನಾಯು ದುರ್ಬಲವಾಗಿ ರಕ್ತವನ್ನು ಬಲವಾಗಿ ತಳ್ಳಲಾರದಿದ್ದರೆ, ಕವಾಟ ತೀರ ಕಿರಿದಾಗಿದ್ದರೂ ಒತ್ತಡದ ವ್ಯತ್ಯಾಸ ಅಲ್ಪವಾಗಿಯೇ ತೋರಬಹುದು. ಹೀಗಾಗಿ ಒಂದು ಅಂಕಿಯನ್ನಷ್ಟೇ ನಂಬದೆ, ರೋಗಲಕ್ಷಣಗಳನ್ನೂ ಇತರ ಪರೀಕ್ಷೆಗಳನ್ನೂ ಸೇರಿಸಿ ಚಿಕಿತ್ಸೆಯನ್ನು ತೀರ್ಮಾನಿಸಲಾಗುತ್ತದೆ.