ಕಥೆಯಿಂದ ಕೈಕೆಲಸಕ್ಕೆ: ಹೂವಿನ ಗಿಡವಾದ ಹುಡುಗಿ ಮತ್ತು ಮುತ್ತುಗದ ಎಲೆ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಆರನೆಯ ತರಗತಿಯ ಒಂದು ಪಾಠವನ್ನು ಅವಲೋಕಿಸಲು ಹೋಗಿದ್ದೆ. ಪ್ರಶಿಕ್ಷಣಾರ್ಥಿಯು ಹೂವಿನ ಗಿಡವಾಗುವ ಹುಡುಗಿಯ ಜನಪದ ಕಥೆಯನ್ನು ಸೊಗಸಾಗಿ ಹೇಳಿದರು. ಕೊಂಬೆ ಮುರಿಯುವ ಭಾಗ ಬಂದಾಗ ತರಗತಿ ಮೌನವಾಯಿತು. 'ಈ ಕಥೆಯ ನೀತಿ ಏನು?' ಎಂದು ಕೇಳಿದಾಗ ಮಕ್ಕಳೆಲ್ಲ ಒಂದೇ ದನಿಯಲ್ಲಿ 'ಮರಗಳನ್ನು ಕಾಪಾಡಬೇಕು' ಎಂದರು. ಮುಂದಿನ ಚಟುವಟಿಕೆ ಮುತ್ತುಗದ ಎಲೆ ಹಚ್ಚುವುದು. ಮಕ್ಕಳು ಹೊರಗೆ ಓಡಿದರು. ಐದೇ ನಿಮಿಷದಲ್ಲಿ ಶಾಲೆಯ ಬೇಲಿಯಂಚಿನ ಮುತ್ತುಗದ ಕೆಳಗಿನ ಕೊಂಬೆಗಳು ನೆಲದ ಮೇಲೆ ಬಿದ್ದಿದ್ದವು.

ಅಷ್ಟು ಹೊತ್ತಿಗೆ ಅವಲೋಕನ ನಮೂನೆಯಲ್ಲಿ ಪೀಠಿಕೆ, ವಿಷಯ ಪ್ರಸ್ತುತಿ, ಮೌಲ್ಯಮಾಪನ ಎಲ್ಲಕ್ಕೂ ನಾನು ಒಳ್ಳೆಯ ಅಂಕ ಹಾಕಿಯಾಗಿತ್ತು. ತಪ್ಪು ಪ್ರಶಿಕ್ಷಣಾರ್ಥಿಯದೊಂದೇ ಅಲ್ಲ. ಆ ಪಾಠಯೋಜನೆಗೆ ಸಹಿ ಹಾಕಿದವಳು ನಾನು. ಕಥೆ ಮತ್ತು ಕೈಕೆಲಸ ಎರಡೂ ಯೋಜನೆಯಲ್ಲಿದ್ದವು, ಅವುಗಳ ನಡುವಿನ ಸಂಬಂಧ ಮಾತ್ರ ಇರಲಿಲ್ಲ. ಆ ಸಂಬಂಧವನ್ನು ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಥೆ ನಿಜವಾಗಿ ಹೇಳುವುದೇನು?

ಈ ಕಥೆ ಕರ್ನಾಟಕದ ಹಲವೆಡೆ ಹೆಂಗಸರ ಬಾಯಲ್ಲಿ ಉಳಿದು ಬಂದದ್ದು. ಎ. ಕೆ. ರಾಮಾನುಜನ್ ಅವರು ಇದನ್ನು ಸಂಗ್ರಹಿಸಿ ಇಂಗ್ಲಿಷಿಗೆ ಅನುವಾದಿಸಿದರು. 1997ರಲ್ಲಿ, ಅವರ ನಿಧನಾನಂತರ ಬಂದ ಕಥಾಸಂಕಲನಕ್ಕೆ ಇದೇ ಕಥೆಯ ಹೆಸರಿದೆ. ಗಿರೀಶ ಕಾರ್ನಾಡರ 'ಚೆಲುವಿ' (1992) ಚಿತ್ರಕ್ಕೂ ಇದೇ ಆಧಾರ.

ಬಡ ಮುದುಕಿಯ ಕಿರಿಯ ಮಗಳು ಮೈಮೇಲೆ ನೀರು ಸುರಿದರೆ ಹೂಬಿಟ್ಟ ಗಿಡವಾಗುತ್ತಾಳೆ, ಮತ್ತೆ ಸುರಿದರೆ ಹುಡುಗಿಯಾಗುತ್ತಾಳೆ. ಅಕ್ಕನಿಗೆ ಅವಳು ಮೊದಲೇ ಹೇಳಿರುತ್ತಾಳೆ: ನೀರು ಸುರಿಯುವಾಗ ಉಗುರು ತಾಗಿಸಬೇಡ, ಹೂ ಕೀಳುವಾಗ ಎಲೆ, ಕುಡಿ ಮುರಿಯಬೇಡ. ಅಕ್ಕ ಹಾಗೆಯೇ ಮಾಡುತ್ತಾಳೆ. ಮುಂದೆ ಗಂಡನ ತಂಗಿ ಮತ್ತು ಅವಳ ಗೆಳತಿಯರು ತೋಟದಲ್ಲಿ ಆಟಕ್ಕೆಂದು ಅವಳನ್ನು ಗಿಡ ಮಾಡಿ, ಕೊಂಬೆಗಳನ್ನು ಮುರಿದು, ಅರೆಬರೆ ನೀರು ಸುರಿದು ಓಡುತ್ತಾರೆ. ಹುಡುಗಿ ಕೈಕಾಲಿಲ್ಲದ ದೇಹವಾಗಿ ಬೀಳುತ್ತಾಳೆ. ಕೊನೆಗೆ ಗಂಡ ಅವಳನ್ನು ಮತ್ತೆ ಗಿಡವಾಗಿಸಿ, ಮುರಿದ ಕೊಂಬೆಗಳನ್ನು ಒಂದೊಂದಾಗಿ ಸರಿಪಡಿಸಿದ ಮೇಲೆಯೇ ಅವಳು ಪೂರ್ಣ ಹೆಣ್ಣಾಗುವುದು.

ಗಮನಿಸಿ: ಈ ಕಥೆ 'ಮರವನ್ನು ಮುಟ್ಟಬೇಡ' ಎನ್ನುವುದಿಲ್ಲ. ಅಕ್ಕನೂ ಹೂ ಕೀಳುತ್ತಾಳೆ, ಗೆಳತಿಯರೂ ಕೀಳುತ್ತಾರೆ. ವ್ಯತ್ಯಾಸ ಇರುವುದು ಕೀಳುವ ರೀತಿಯಲ್ಲಿ. 'ಮರಗಳನ್ನು ಕಾಪಾಡಬೇಕು' ಎಂಬ ಸಿದ್ಧ ಉತ್ತರ ಈ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ 'ನೀತಿ ಏನು?' ಎಂಬುದಲ್ಲ, 'ಅಕ್ಕ ಹೇಗೆ ಕಿತ್ತಳು, ಗೆಳತಿಯರು ಹೇಗೆ ಕಿತ್ತರು?' ಎಂಬುದು.

ಸಾಮಗ್ರಿಯ ಅರಿವು

ಕೈಕೆಲಸದಲ್ಲಿ 'ಉದುರಿದ ಎಲೆಯನ್ನಷ್ಟೇ ಬಳಸಿ' ಎನ್ನುವುದು ಸುಲಭ. ಚಿತ್ರ ಅಂಟಿಸಲು ಅದು ಸಾಕು. ಊಟದ ಎಲೆ ಹಚ್ಚಲು ಆಗದು, ಒಣಗಿ ಉದುರಿದ ಎಲೆಗೆ ಕಡ್ಡಿ ಚುಚ್ಚಿದರೆ ಸೀಳುತ್ತದೆ. ಬಲಿತ ಹಸಿರೆಲೆಯೇ ಬೇಕು. ಅಂದರೆ ಮರದಿಂದ ಕೀಳಲೇಬೇಕು. ಕಥೆ ಕೆಲಸಕ್ಕೆ ಬರುವುದು ಇಲ್ಲಿಯೇ.

ಮುತ್ತುಗದ ಒಂದು ತೊಟ್ಟಿನಲ್ಲಿ ಮೂರು ಎಲೆಗಳಿರುತ್ತವೆ. ಚಳಿಗಾಲ ಕಳೆಯುತ್ತಲೇ ಎಲೆ ಉದುರಿ, ಬೋಳು ಕೊಂಬೆಗಳ ತುಂಬ ಕೆಂಪು-ಕಿತ್ತಳೆ ಹೂ ಬರುತ್ತದೆ. ಆದ್ದರಿಂದ ಈ ಪಾಠಕ್ಕೆ ಮಳೆಗಾಲ ಮುಗಿದ ತಿಂಗಳುಗಳು ಸೂಕ್ತ. ಉದುರಿದ ಹೂಗಳನ್ನು ಕುದಿಸಿ ಓಕುಳಿಯ ಬಣ್ಣ ತೆಗೆಯುವ ಪಾಠವನ್ನು ಹೋಳಿಯ ಹೊತ್ತಿಗೆ ಇಟ್ಟುಕೊಳ್ಳಬಹುದು.

ಪಾಠದ ಹಂತಗಳು (40 ನಿಮಿಷದ ಎರಡು ಅವಧಿ)

1. ಕಥೆ ಹೇಳುವುದು. ನೀತಿ ಹೇಳದೆ ನಿಲ್ಲಿಸುವುದು. ಅಕ್ಕ ಮತ್ತು ಗೆಳತಿಯರ ನಡತೆಯನ್ನು ಮಕ್ಕಳೇ ಕಪ್ಪುಹಲಗೆಯ ಮೇಲೆ ಎರಡು ಕಂಬಸಾಲುಗಳಲ್ಲಿ ಬರೆಯುವುದು.

2. ಅದರಿಂದ ಎಲೆ ಕೀಳುವ ನಿಯಮಗಳನ್ನು ಮಕ್ಕಳೇ ರೂಪಿಸುವುದು. ಉದಾಹರಣೆಗೆ: ಕುಡಿ ಮುಟ್ಟುವುದಿಲ್ಲ, ಕೊಂಬೆ ಬಗ್ಗಿಸುವುದಿಲ್ಲ, ಒಂದು ರೆಂಬೆಯಿಂದ ಒಂದೇ ತೊಟ್ಟು.

3. ಎಷ್ಟು ಬೇಕೆಂದು ಮೊದಲೇ ಲೆಕ್ಕ ಹಾಕುವುದು. 30 ಮಕ್ಕಳಿದ್ದರೆ ಐವರಂತೆ 6 ಗುಂಪು. ಗುಂಪಿಗೊಂದು ಊಟದ ಎಲೆ, ಅದಕ್ಕೆ 6 ಎಲೆಗಳೆಂದರೆ ಒಟ್ಟು 36. ತೊಟ್ಟಿಗೆ ಮೂರರಂತೆ 12 ತೊಟ್ಟು ಸಾಕು. ನಾನು ನೋಡಿದ ಪಾಠದಲ್ಲಿ ಈ ಲೆಕ್ಕವನ್ನು ಯಾರೂ ಮಾಡಿರಲಿಲ್ಲ.

4. ಗುಂಪಿಗೆ ಒಬ್ಬರಂತೆ ಹೋಗಿ ಎರಡೆರಡು ತೊಟ್ಟು ಕಿತ್ತು ತರುವುದು; ಉಳಿದವರು ಕಡ್ಡಿ ಸಿದ್ಧಪಡಿಸುವುದು.

5. ಒಂದು ಎಲೆಯನ್ನು ನಡುವೆ ಇಟ್ಟು, ಸುತ್ತಲಿನವುಗಳ ಅಂಚು ಒಂದರ ಮೇಲೊಂದು ಬರುವಂತೆ ಜೋಡಿಸಿ ಕಡ್ಡಿ ಚುಚ್ಚುವುದು. ಹಚ್ಚಿದ ಎಲೆಯನ್ನು ಭಾರದ ಕೆಳಗಿಟ್ಟು ಒಣಗಿಸುವುದು. ಬಳಸುವ ಮುನ್ನ ನೀರು ಚಿಮುಕಿಸಿದರೆ ಮತ್ತೆ ಮೆದುವಾಗುತ್ತದೆ.

ಎಲೆ ಹಚ್ಚಲು ಬಲ್ಲ ಅಜ್ಜಿಯೊಬ್ಬರು ಊರಲ್ಲಿದ್ದರೆ ಐದನೆಯ ಹಂತವನ್ನು ಅವರಿಗೇ ಬಿಟ್ಟುಕೊಡಿ. ಪ್ರಶಿಕ್ಷಣಾರ್ಥಿಯೂ ಮಕ್ಕಳ ಸಾಲಿನಲ್ಲಿ ಕೂತು ಕಲಿಯಲಿ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂಬ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಮಾತು ಇಲ್ಲಿ ಕೈಗೆ ಸಿಗುತ್ತದೆ.

ಮೌಲ್ಯಮಾಪನ ಎಲ್ಲಿ?

ಹಚ್ಚಿದ ಎಲೆ ಚೆಂದವಿದೆಯೇ ಎಂದು ನೋಡುವುದು ಅರ್ಧ ಮೌಲ್ಯಮಾಪನ. ಉಳಿದರ್ಧ ಮರದ ಕೆಳಗಿದೆ. ಪಾಠ ಮುಗಿದ ಮೇಲೆ ಮಕ್ಕಳೊಂದಿಗೆ ಅಲ್ಲಿಗೆ ಹೋಗಿ, ಮುರಿದ ಕುಡಿ ಇದೆಯೇ ಎಂದು ಅವರಿಂದಲೇ ಹುಡುಕಿಸಿ. ಇದ್ದರೆ ಬೈಯುವುದು ಬೇಡ. ಕಥೆಯಲ್ಲಿ ಮುರಿದದ್ದನ್ನು ಸರಿಪಡಿಸಿದವನೂ ಇದ್ದಾನಲ್ಲ. ಆ ಮರಕ್ಕೆ ನೀರು ಹಾಕುವ ಸರದಿಯನ್ನು ತರಗತಿಯೇ ನಿರ್ಧರಿಸಲಿ.

ಮಾರ್ಗದರ್ಶಕರಿಗೂ ಒಂದು ಮಾತು. ಇಂಥ ಪಾಠದಲ್ಲಿ ಅಂಕ ಹಾಕುವ ಮುನ್ನ ನಾವೂ ಮರದ ಬುಡದವರೆಗೆ ಹೋಗಿ ಬರೋಣ. ನಾನು ಅಂದು ಕುರ್ಚಿಯಲ್ಲೇ ಕೂತಿದ್ದೆ.