ಪಾಸ್‌ವರ್ಡ್ ಸರಿಯಿದ್ದರೂ ಮೋಟರು ಓಡದಿದ್ದರೆ



ನಾಗನೂರ ಸುತ್ತಿನ ಹೊಲಗಳಲ್ಲಿ ರಾತ್ರಿ ಕಬ್ಬಿಗೆ ನೀರು ಹಾಯಿಸುವಾಗ ಒದ್ದೆ ಕೈಯಿಂದ ಸ್ಟಾರ್ಟರ್ ಮುಟ್ಟುವುದು ಎಷ್ಟು ಅಪಾಯವೆಂಬುದು ನಿಮಗೆ ತಿಳಿದೇ ಇದೆ. ಇದನ್ನು ತಪ್ಪಿಸಲೆಂದು ನಿಮ್ಮ ಮಗನೋ ಮಗಳೋ ಆರ್ಡುಯಿನೊ ಉನೊ ಮತ್ತು ಎಚ್‌ಸಿ-05 ಬ್ಲೂಟೂತ್ ಬಿಲ್ಲೆಯಿಂದ ಒಂದು ಪೆಟ್ಟಿಗೆ ಮಾಡಿರಬಹುದು. ಮೊಬೈಲಿನಿಂದ ಪಾಸ್‌ವರ್ಡ್ ಕಳಿಸಿದರೂ ಅದು ಕೆಲಸ ಮಾಡದಿದ್ದರೆ ಈ ಕ್ರಮದಲ್ಲಿ ಪರೀಕ್ಷಿಸಿರಿ.

ಮೊದಲು ವೈರ್‌ಮನ್‌ನಿಂದ ಮೇನ್ ಸ್ವಿಚ್ ತೆಗೆಸಿ, ಪೆಟ್ಟಿಗೆಯನ್ನು ಸ್ಟಾರ್ಟರಿನಿಂದ ಬೇರ್ಪಡಿಸಿರಿ. ಪರೀಕ್ಷೆಯೆಲ್ಲ ಮನೆಯಲ್ಲಿ, ರಿಲೇಯ ಜಾಗದಲ್ಲಿ ಒಂದು ಸಣ್ಣ ಎಲ್‌ಇಡಿ ಹಚ್ಚಿ ನಡೆಯಲಿ.

1. ಜೋಡಣೆ: ಬಿಲ್ಲೆಯ ದೀಪ ಬೇಗ ಬೇಗ ಮಿನುಗುತ್ತಿದ್ದರೆ ಮೊಬೈಲು ಇನ್ನೂ ಕೂಡಿಲ್ಲ. ಕೂಡಿಸುವಾಗ ಕೇಳುವ ಸಂಖ್ಯೆ ಸಾಮಾನ್ಯವಾಗಿ 1234. ಅದು ಬಿಲ್ಲೆಯದು, ನಿಮ್ಮ ಪಾಸ್‌ವರ್ಡ್ ಬೇರೆ.

2. ತಂತಿ: ಒಂದರ ಕಳಿಸುವ ತಂತಿ ಇನ್ನೊಂದರ ಪಡೆಯುವ ಕಾಲಿಗೆ ಹೋಗಬೇಕು. ಉನೊ 5 ವೋಲ್ಟ್ ಕಳಿಸುತ್ತದೆ. ಬಿಲ್ಲೆಯ ಪಡೆಯುವ ಕಾಲಿಗೆ 3.3 ವೋಲ್ಟ್ ಸಾಕು. 1 ಕಿಲೋ ಓಮ್ ಮತ್ತು 2 ಕಿಲೋ ಓಮ್ ರೆಸಿಸ್ಟರುಗಳಿಂದ ಅದನ್ನು ತಗ್ಗಿಸಿರಿ. ಅಕ್ಷರಗಳು ಅಡ್ಡಾದಿಡ್ಡಿ ಬಂದರೆ ಎರಡೂ ಕಡೆಯ ವೇಗ 9600 ಇದೆಯೇ ನೋಡಿರಿ.

3. ಕಾಣದ ಅಕ್ಷರ: ಹೆಚ್ಚಿನ ತೊಂದರೆ ಇಲ್ಲಿಯೇ. ಮೊಬೈಲಿನ ಆ್ಯಪ್ ಪಾಸ್‌ವರ್ಡಿನ ಕೊನೆಗೆ ಸಾಲು ಮುಗಿಯಿತೆಂಬ ಗುರುತನ್ನು ಸೇರಿಸಿ ಕಳಿಸುವುದುಂಟು. ಅದು ಕಣ್ಣಿಗೆ ಕಾಣದು, ಆದರೆ ಹೋಲಿಕೆ ತಪ್ಪುತ್ತದೆ. ಪ್ರೋಗ್ರಾಮಿನಲ್ಲಿ ಟ್ರಿಮ್ ಆಜ್ಞೆ ಬಳಸಿ ಅದನ್ನು ಕತ್ತರಿಸಿದ ನಂತರವೇ ಹೋಲಿಸತಕ್ಕದ್ದು.

4. ರಿಲೇ: ಎಲ್‌ಇಡಿ ಸರಿಯಾಗಿ ಹೊತ್ತಿದ ಮೇಲೆ ರಿಲೇ ಕೂಡಿಸಿರಿ. ಅದು ಟಕ್ ಎಂದೊಡನೆ ಪೆಟ್ಟಿಗೆ ಮತ್ತೆ ಮೊದಲಿನಿಂದ ಆರಂಭವಾದರೆ ಕರೆಂಟು ಸಾಲುತ್ತಿಲ್ಲವೆಂದು ತಿಳಿಯಿರಿ. ರಿಲೇಗೆ ಬೇರೆ 5 ವೋಲ್ಟ್ ಪೂರೈಕೆ ಕೊಡಿರಿ.

ಎಚ್ಚರಿಕೆ: ಪೆಟ್ಟಿಗೆಯನ್ನು ಸ್ಟಾರ್ಟರಿಗೆ ಮತ್ತೆ ಜೋಡಿಸುವ ಕೆಲಸ ವೈರ್‌ಮನ್‌ನದೇ. ಸಿಂಗಲ್ ಫೇಸ್ ಪ್ರಿವೆಂಟರನ್ನು ಎಂದಿಗೂ ತಪ್ಪಿಸಬೇಡಿ. ಕರೆಂಟು ಹೋಗಿ ಬಂದಾಗ ರಿಲೇ ಬಂದ್ ಸ್ಥಿತಿಯಲ್ಲಿಯೇ ಇರುವಂತೆ ಪ್ರೋಗ್ರಾಮು ಬರೆಯಿಸಿರಿ. ಈ ಬ್ಲೂಟೂತ್ ಸುಮಾರು 10 ಮೀಟರಿನಾಚೆ ಖಾತ್ರಿಯಾಗಿ ನಿಲುಕದು. ಮನೆಯಿಂದ ಮೋಟರು ಓಡಿಸಲು ಇದು ಉಪಯೋಗವಿಲ್ಲ.

ಕೊನೆಯದಾಗಿ, ಪಾಸ್‌ವರ್ಡ್ ಇದೆಯೆಂಬ ಧೈರ್ಯದಲ್ಲಿ ಮೋಟರಿಗೆ ಕೈ ಹಾಕಬೇಡಿ. ನೀವು ಪಂಪು ಬಿಚ್ಚಿ ಕುಳಿತಾಗ ಬದುವಿನ ಮೇಲಿನಿಂದ ಮನೆಯವರೇ ಗುಂಡಿ ಒತ್ತಬಹುದು. ಮೇನ್ ಸ್ವಿಚ್ ತೆಗೆದು, ಫ್ಯೂಜುಗಳನ್ನು ನಿಮ್ಮ ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಕೈ ಹಚ್ಚಿರಿ.